ಮುನ್ನೂರಕ್ಕೆ ಒಂದು ಕಡಿಮೆ

ಗಂಡ ಕುಡಿಯುತ್ತಾನೆ ಅಂತ ಅಳುವವರನ್ನು ಕಂಡಿದ್ದೇವೆ, ಜೂಜಾಡುತ್ತಾನೆ ಅಂತ ಅಳುವವರನ್ನೂ ಕಂಡಿದ್ದೇವೆ. ಟೈಲರಮ್ಮನ ಗೋಳೇ ಬೇರೆ. ಅವಳ ಗಂಡ ಯೋಚನೆ ಮಾಡುತ್ತಿದ್ದ. ಹಲ್ಲುಜ್ಜುವಾಗ ಯೋಚನೆ, ಸ್ನಾನದ ಮನೆಯಲ್ಲಿ ಯೋಚನೆ, ಊಟದ ತಟ್ಟೆ ಮುಂದೆ ಕೂತರೆ ಅಲ್ಲೂ ಯೋಚನೆ. ಹೋಗಲಿ, ಮನೆಯ ಬಗ್ಗೆ ಯೋಚಿಸುತ್ತಾನಾ, ಹೆಂಡತಿಯ ಬಗ್ಗೆ ಯೋಚಿಸುತ್ತಾನಾ ಅಂದರೆ ಅದೂ ಇಲ್ಲ. ಹನ್ನೊಂದು ತಿಂಗಳಿಂದ ಆ ಮನುಷ್ಯ ಒಂದು ರೈಫಲ್ ಬಗ್ಗೆ ಯೋಚಿಸುತ್ತಿದ್ದ.

(ಗಾಬರಿಯಾಗಬೇಡಿ. ಜಿರಳೆ ಕಂಡರೆ ಕಾಗದದ ಮೇಲೆ ಹತ್ತಿಸಿಕೊಂಡು, ಹೊರಗೆ ಬಿಟ್ಟು, ಬಾಗಿಲು ಹಾಕಿ ಬರುವ ಪ್ರಾಣಿ ಅದು. ಅವನು ಹೊಡೆಯುತ್ತಿದ್ದದ್ದು ಬರೀ ಕಾಗದಕ್ಕೆ.)

ಅವನಿಗೆ ಎರಡು ಬೀದಿ ಆಚೆ ಗಡಿಯಾರ ರಿಪೇರಿ ಅಂಗಡಿ ಇತ್ತು. ಎಲ್ಲರೂ ವಾಚಪ್ಪ ಅಂತಲೇ ಕರೆಯುತ್ತಿದ್ದರು. ಊರಾಚೆ ಹಳೇ ಇಟ್ಟಿಗೆ ಗೂಡಿನ ಹಿಂದೆ ಒಂದು ರೈಫಲ್ ಕ್ಲಬ್ಬು. ಅಲ್ಲಿ ಚಾಪೆಯ ಮೇಲೆ ಬೋರಲು ಮಲಗಿ, ಐವತ್ತು ಮೀಟರ್ ದೂರದ ಕಾಗದದಲ್ಲಿ ಬಟನ್ನಿನಷ್ಟು ಗಾತ್ರದ ನಡು ಚುಕ್ಕೆಗೆ ತೂತು ಮಾಡಬೇಕು. ಕ್ಲಬ್ಬಿನ ತಂಡದಲ್ಲಿ ನಾಲ್ಕು ಜನ. ವಾಚಪ್ಪ ಒಂಬತ್ತು ವರ್ಷದಿಂದ ಐದನೆಯವನು. ಅಂದರೆ ಮಿಕ್ಕ ನಾಲ್ವರ ಚಾಪೆ ಸುತ್ತುವುದು, ನೀರಿನ ಬಾಟಲಿ ಕಾಯುವುದು, ಗೆದ್ದು ಬಂದರೆ ಚಪ್ಪಾಳೆ ತಟ್ಟುವುದು. ಒಂಬತ್ತು ವರ್ಷದಲ್ಲಿ ನಾಲ್ವರಲ್ಲಿ ಒಬ್ಬರಿಗೂ ಒಂದು ಜ್ವರ ಬರಲಿಲ್ಲ.

ಆ ವರ್ಷ ತಂಡದ ದಂತವೈದ್ಯರು ಊರು ಬಿಟ್ಟು ಹೋದರು. ಒಂದು ಜಾಗ ಖಾಲಿಯಾಯಿತು. ಆ ಜಾಗಕ್ಕೆ ಇಬ್ಬರು, ನಮ್ಮ ವಾಚಪ್ಪ ಮತ್ತು ಒಬ್ಬ ರಸಾಯನಶಾಸ್ತ್ರದ ಮೇಷ್ಟ್ರು. ಆರು ವಾರ ಕಳೆದು ಒಂದು ಭಾನುವಾರ ಅರವತ್ತು ಗುಂಡಿನ ಪರೀಕ್ಷೆ ಅಂತ ಕಾರ್ಯದರ್ಶಿಗಳು ಗೋಡೆಗೆ ಚೀಟಿ ಅಂಟಿಸಿದರು.

"ಈ ಸಲ ಆಗಲಿಲ್ಲ ಅಂದ್ರೆ ಬಿಟ್ಬಿಡ್ತೀನಿ ಕಣೆ," ಅಂದ ವಾಚಪ್ಪ. ನಗುತ್ತಲೇ ಅಂದ. ಆದರೆ ಇಪ್ಪತ್ತಾರು ವರ್ಷ ಜೊತೆಯಲ್ಲಿ ಬಾಳಿದವಳಿಗೆ ಆ ನಗು ಎಂಥದ್ದು ಅಂತ ಗೊತ್ತಾಗದೇ ಇರುತ್ತದೆಯೇ? ಟೈಲರಮ್ಮ ಬಾಯಲ್ಲಿ ಮಾತ್ರ, "ಬಿಡಿ, ಒಳ್ಳೇದೇ ಆಯ್ತು, ಭಾನುವಾರ ಮನೆಯಲ್ಲಾದ್ರೂ ಇರ್ತೀರಿ," ಅಂದಳು.

ರೈಫಲ್ಲಿನ ಯೋಚನೆ ಮುಗಿದದ್ದೂ ದಂತವೈದ್ಯರ ದೆಸೆಯಿಂದಲೇ. ಮೂರು ರೈಫಲ್ ಅವನ ಮನಸ್ಸಿನಲ್ಲಿದ್ದವು. ಒಂದು ಹೊಸದು, ಹಗುರ. ಇನ್ನೊಂದು ಹೊಸದು, ಕನ್ನಡಿಯ ಹಾಗೆ ಹೊಳೆಯುವುದು. ಮೂರನೆಯದು ದಂತವೈದ್ಯರು ಬಿಟ್ಟು ಹೋಗುತ್ತಿದ್ದ ಹಳೆಯದು, ಭಾರ. ಎಲ್ಲವೂ ಸಣ್ಣ ತೋಟಾ ಹಾಕುವ ಇಪ್ಪತ್ತೆರಡರ ರೈಫಲ್ಲುಗಳೇ. ವಾಚಪ್ಪ ಹಳೆಯದನ್ನೇ ಆರಿಸಿದ.

"ನಳಿಗೆ ನೋಡು, ಎಂಥಾ ದಪ್ಪ! ಅಲುಗಾಡಲ್ಲ. ಟ್ರಿಗರ್ ಅಂತೂ ಒಳ್ಳೇ ಗಡಿಯಾರದ ಚಕ್ರದ ಥರ, ಟಕ್ ಅಂತ ಬಿಟ್ಕೊಳ್ಳುತ್ತೆ. ಹೊಳಪು ತಗೊಂಡು ಏನು ಮಾಡ್ಲಿ?"

"ಭಾರ ತಗೊಂಡು ಏನು ಮಾಡ್ತೀರಿ? ಸೊಂಟ ಹಿಡಿದ್ರೆ ಎಣ್ಣೆ ತಿಕ್ಕೋಳು ನಾನು."

"ಮಲಗಿ ಹೊಡೆಯೋದು ಕಣೆ. ಭಾರ ಇದ್ದಷ್ಟೂ ನಿಲ್ಲುತ್ತೆ."

"ಮಲಗೋದಕ್ಕೆ ಊರಾಚೆ ಬೇರೆ ಹೋಗ್ಬೇಕಾ?" ಅಂತ ಮೂಲೆಯಿಂದ ಅತ್ತೆ ಕೇಳಿದರು. ವಾಚಪ್ಪನ ತಾಯಿ. ಕಿವಿ ಸ್ವಲ್ಪ ಮಂದ ಅಂತ ಹೆಸರು, ಆದರೆ ಕೇಳಬಾರದ ಮಾತು ಯಾವುದೂ ಅವರ ಕಿವಿ ತಪ್ಪುತ್ತಿರಲಿಲ್ಲ. ಸೊಸೆ ಹೊಲಿದ ಬಟ್ಟೆಗೆ ಬಟನ್ ಹಾಕುವುದು ಅವರ ಕೆಲಸ, ತೊಡೆಯ ಮೇಲೆ ಸದಾ ಒಂದು ಬಟನ್ ಡಬ್ಬಿ.

ಜಗಳ ಎದ್ದದ್ದು ರೈಫಲ್ಲಿಗಲ್ಲ, ಅದನ್ನಿಡುವ ಬೀರುವಿಗೆ. ಲೈಸೆನ್ಸಿನ ಪ್ರಕಾರ ಗೋಡೆಗೆ ಬಿಗಿದ ಕಬ್ಬಿಣದ ಬೀರು ಬೇಕು. ಮನೆಯಲ್ಲಿ ಅದು ಹಿಡಿಸುವ ಜಾಗ ಒಂದೇ, ಮುಂದಿನ ಕೋಣೆಯ ಕಿಟಕಿ ಪಕ್ಕದ ಮೂಲೆ. ಅದು ಟೈಲರಮ್ಮ ಬಟ್ಟೆಯ ಅಂಚು ಕಟ್ಟುವ ಹೊಸ ಮಷೀನಿಗೆ ಅಂತ ಮೂರು ವರ್ಷದಿಂದ ಕಾದಿರಿಸಿದ ಮೂಲೆ. "ಆ ಮೂಲೆಗೆ ನಿಮ್ಮ ಬೀರು ಬಂದ ದಿನ ನಾನು ಈ ಮನೆಯಲ್ಲಿರಲ್ಲ," ಅಂತ ಅವಳು ಘೋಷಿಸಿದ್ದಳು. ರೈಫಲ್ ಕ್ಲಬ್ಬಿನ ಬೀರುವಿನಲ್ಲೇ ಉಳಿಯಿತು.

ಇನ್ನು ಉಳಿದದ್ದು ತೋಟಾ. ಇಲ್ಲಿಂದ ನಿಜವಾದ ಕಥೆ.

ಒಂದು ದಿನ ವಾಚಪ್ಪ ಆರು ಸಣ್ಣ ಪೆಟ್ಟಿಗೆ ತಂದು ಕತ್ತರಿಸುವ ಮೇಜಿನ ಮೇಲೆ ಸಾಲಾಗಿ ಇಟ್ಟ. ಆರು ಕಂಪನಿ, ಒಂದೊಂದರಲ್ಲಿ ಐವತ್ತು, ಒಟ್ಟು ಮುನ್ನೂರು. ಒಂದು ಪೆಟ್ಟಿಗೆಗೆ ಚಿನ್ನದ ಅಕ್ಷರ, ಇನ್ನೊಂದು ಮಾಸಲು ಹಳದಿ ರಟ್ಟು, ಮಿಕ್ಕವು ನೀಲಿ, ಕೆಂಪು, ಹಸಿರು, ಬಿಳಿ.

"ಒಂದೊಂದು ನಳಿಗೆಗೂ ಒಂದೊಂದು ನಾಲಿಗೆ ಇರುತ್ತೆ ಕಣೆ. ಒಂದಕ್ಕೆ ಹಿಡಿಸಿದ್ದು ಇನ್ನೊಂದಕ್ಕೆ ಹಿಡಿಸಲ್ಲ. ದುಬಾರಿಯದೇ ಒಳ್ಳೇದು ಅಂತ ಏನೂ ಇಲ್ಲ. ಹೊಡೆದೇ ನೋಡ್ಬೇಕು. ಯಾವುದು ತೂತುಗಳನ್ನ ಒಂದೇ ಕಡೆ ಗುಂಪಾಗಿ ಬೀಳಿಸುತ್ತೋ ಅದೇ ನಮ್ಮದು."

"ಹೊಡೆದು ನೋಡಿ. ನನ್ನ ಮೇಜಿನ ಮೇಲೆ ಯಾಕೆ ತಂದಿಟ್ರಿ?"

ವಾಚಪ್ಪ ಗಂಟಲು ಸರಿ ಮಾಡಿಕೊಂಡ. "ಯಾವ ಡಬ್ಬಿಯಲ್ಲಿ ಯಾವುದಿದೆ ಅಂತ ನನಗೆ ಗೊತ್ತಾಗಬಾರದು. ಚಿನ್ನದ ಪೆಟ್ಟಿಗೆದು ಅಂತ ಗೊತ್ತಾದ್ರೆ ಬೆರಳು ತಾನಾಗೇ ಜಾಸ್ತಿ ಜೋಪಾನ ಮಾಡುತ್ತೆ, ಮನಸ್ಸು ಮೋಸ ಮಾಡುತ್ತೆ. ಅದಕ್ಕೆ ನೀನು ಆರು ತಗಡಿನ ಡಬ್ಬಿಗೆ ತುಂಬಿ ಒಂದರಿಂದ ಆರು ನಂಬರ್ ಹಾಕ್ಬೇಕು. ಯಾವ ನಂಬರ್ ಯಾವುದು ಅಂತ ಚೀಟಿ ಬರೆದು ಲಕೋಟೆಯಲ್ಲಿ ಅಂಟಿಸಿ ಇಟ್ಕೋ. ಪರೀಕ್ಷೆಗೆ ಎರಡು ದಿನ ಮುಂಚೆ ತೆಗೆಯೋಣ. ನಿನ್ನ ಬಿಟ್ಟು ಬೇರೆ ಯಾರನ್ನ ನಂಬಲಿ ಹೇಳು?"

ಆ ಕೊನೆಯ ಮಾತೊಂದು ಆಡದೇ ಇದ್ದಿದ್ದರೆ ಟೈಲರಮ್ಮ ಮುಂದಿನ ಆರು ವಾರ ಅಷ್ಟು ನವೆಯುತ್ತಿರಲಿಲ್ಲ.

ಮಾರನೇ ಮಧ್ಯಾಹ್ನ ಅವಳ ಕೈಯಲ್ಲಿ ಆಸ್ಪತ್ರೆಯ ದಾದಿಯರ ಮೂವತ್ತು ಕೋಟಿನ ಕೆಲಸ. ಬೇಗ ಮುಗಿಸಿಬಿಡೋಣ ಅಂತ ಆರೂ ಪೆಟ್ಟಿಗೆಯ ಮುಚ್ಚಳ ಒಟ್ಟಿಗೇ ತೆಗೆದಿಟ್ಟಳು. ಆಗಲೇ ದಾದಿಯರ ಮುಖ್ಯಸ್ಥೆ ಬಾಗಿಲಲ್ಲಿ ನಿಂತು, "ಆಯ್ತಾ?" ಅಂದಳು. "ಆಯ್ತು, ಆಯ್ತು" (ಆಗಿರಲಿಲ್ಲ) ಅನ್ನುತ್ತಾ ಟೈಲರಮ್ಮ ಬಿಳಿ ಬಟ್ಟೆಯ ತಾನನ್ನು ಸರ್ ಅಂತ ಎಳೆದಳು. ಬಟ್ಟೆಯ ತುದಿ ಪೆಟ್ಟಿಗೆಗಳ ಕೆಳಗಿತ್ತು.

ಆರೂ ನೆಲಕ್ಕೆ ಬಂದವು. ಮುನ್ನೂರು ತೋಟಾ ಕೋಣೆ ತುಂಬಾ ಉರುಳಿದವು. ದಾದಿಯರ ಮುಖ್ಯಸ್ಥೆ, "ನಾಳೆ ಬರ್ತೀನಿ," ಅಂತ ಅಲ್ಲಿಂದ ಕಾಲ್ಕಿತ್ತಳು. ಟೈಲರಮ್ಮ ಸ್ಟೂಲಿನ ಮೇಲೆ ಹತ್ತಿ ನಿಂತಳು.

"ಅತ್ತೇ, ಸಿಡಿಯುತ್ತಾ?"

"ಸಿಡಿಯೋದಿದ್ರೆ ಇಷ್ಟು ಹೊತ್ತಿಗೆ ಸಿಡೀತಿತ್ತು. ಇಳಿ ಕೆಳಗೆ."

ಇಳಿದಳು. ಮೊದಲು ಪಿನ್ನು ಎತ್ತುವ ಅಯಸ್ಕಾಂತ ಆಡಿಸಿದಳು. ವರ್ಷಗಳಿಂದ ಕಳೆದುಹೋಗಿದ್ದ ಪಿನ್ನುಗಳೆಲ್ಲ ಬಂದು ಅಂಟಿಕೊಂಡವು, ತೋಟಾ ಒಂದೂ ಮಿಸುಕಲಿಲ್ಲ. (ಹಿತ್ತಾಳೆ ಮತ್ತು ಸೀಸ. ಅಯಸ್ಕಾಂತಕ್ಕೆ ಅವುಗಳ ಹಂಗಿಲ್ಲ.) ಕೊನೆಗೆ ಮಂಡಿಯೂರಿ ಕೈಯಲ್ಲೇ ಆರಿಸಿದಳು. ಆರಿಸಿದ ರಾಶಿ ನೋಡಿದರೆ ಎಲ್ಲವೂ ಒಂದೇ ಥರ, ಹಳದಿ ಬಾಲ, ಬೂದು ತಲೆ. ಚಿನ್ನದ ಪೆಟ್ಟಿಗೆಯದು ಯಾವುದು, ರಟ್ಟಿನ ಪೆಟ್ಟಿಗೆಯದು ಯಾವುದು, ದೇವರೇ ಬಲ್ಲ. ಅವಳಿಗೆ ಅಳು ಬಂತು. ಆರು ಪೆಟ್ಟಿಗೆ ಸಂಪಾದಿಸಲು ಅವನು ಎಷ್ಟು ಅಂಗಡಿ ಅಲೆದಿದ್ದ ಅಂತ ಅವಳಿಗೆ ಗೊತ್ತಿತ್ತು.

"ಏನು ಮಾಡ್ಲಿ ಅತ್ತೆ? ಹೇಳಿಬಿಡ್ಲಾ?"

ಅತ್ತೆ ಸೂಜಿಗೆ ದಾರ ಪೋಣಿಸುತ್ತಾ, "ಯಾವುದು ಯಾವುದು ಅಂತ ಅವನಿಗೆ ಗೊತ್ತಾಗಬಾರದು ಅಂತಾನೇ ಅಲ್ವಾ ಅವನ ಆಸೆ?" ಅಂದರು. "ಈಗ ಯಾರಿಗೂ ಗೊತ್ತಿಲ್ಲ. ಸುಮ್ನಿರು."

ಟೈಲರಮ್ಮ ಕಲಬೆರಕೆ ರಾಶಿಯನ್ನು ಐವತ್ತೈವತ್ತು ಎಣಿಸಿ ಡಬ್ಬಿಗೆ ತುಂಬಿದಳು. ಆರನೆಯದಕ್ಕೆ ನಲವತ್ತೊಂಬತ್ತೇ ಬಂತು. ಮಷೀನಿನ ಕೆಳಗೆ, ಚಿಂದಿ ಬುಟ್ಟಿಯೊಳಗೆ, ಚಪ್ಪಲಿ ಗೂಡಿನ ಹಿಂದೆ, ಎಲ್ಲಾ ಕಡೆ ಹುಡುಕಿದಳು. ಸಿಗಲಿಲ್ಲ. ಚೀಟಿಯಲ್ಲಿ ಮನಸ್ಸಿಗೆ ಬಂದ ಹಾಗೆ ಒಂದು ನೀಲಿ, ಎರಡು ಕೆಂಪು, ಮೂರು ಚಿನ್ನ, ನಾಲ್ಕು ಹಸಿರು ಅಂತ ಗೀಚಿ ಲಕೋಟೆ ಅಂಟಿಸಿದಳು.

ಮೊದಲ ದಿನದ ಅಭ್ಯಾಸ ಮುಗಿಸಿ ಬಂದ ವಾಚಪ್ಪ ಕೈ ತೊಳೆಯುತ್ತಾ ಕೇಳಿದ, "ಆರನೇ ಡಬ್ಬಿಯಲ್ಲಿ ಒಂದು ಕಡಿಮೆ ಇತ್ತಲ್ಲೇ?"

"ಕಂಪನಿಯವರೇ ಕಡಿಮೆ ಹಾಕಿರ್ಬೇಕು ರೀ. ಈಗಿನ ಕಾಲದಲ್ಲಿ ಯಾರನ್ನ ನಂಬೋದು?"

"ಇರಬಹುದು, ಇರಬಹುದು," ಅಂದ ವಾಚಪ್ಪ.

ಅಂದಿನಿಂದ ಟೈಲರಮ್ಮ ಬೇರೆಯೇ ಹೆಂಗಸಾದಳು. ತಪ್ಪು ಮಾಡಿದ ಮನಸ್ಸು ಸುಮ್ಮನೆ ಕೂರುತ್ತದೆಯೇ? ಕೇಳುವ ಮುಂಚೆ ಕಾಫಿ. ಕೇಳದಿದ್ದರೂ ಇನ್ನೊಂದು ಕಾಫಿ. ಅವನು ಒದ್ದೆ ಟವೆಲ್ ಮಂಚದ ಮೇಲೆ ಎಸೆದರೆ ತುಟಿ ಪಿಟಕ್ಕೆನ್ನದೆ ಎತ್ತಿ ಒಣಹಾಕಿದಳು. ಎರಡನೇ ವಾರ, "ನಿಮ್ಮ ರೈಫಲ್ ಪಾಪ ಯಾರದೋ ಬೀರುವಿನಲ್ಲಿ ಯಾಕಿರ್ಬೇಕು?" ಅಂತ ತಾನೇ ಟೇಪು ಹಿಡಿದು ಕಿಟಕಿ ಪಕ್ಕದ ಮೂಲೆಯ ಅಳತೆ ತೆಗೆದಳು. ಬಡಗಿ ಬಂದು ನಾಲ್ಕು ಬೋಲ್ಟ್ ಹಾಕಿ ಬೀರು ಬಿಗಿದು ಹೋದ. ಮೂರು ವರ್ಷ ಕಾದ ಮೂಲೆಯನ್ನು ನೋಡಿ ಅವಳ ಕಣ್ಣಲ್ಲಿ ನೀರು ತುಂಬಿತು. ಗಂಡ ಹೊರಟ ತಕ್ಷಣ ಟಾರ್ಚು, ಪೊರಕೆ ಹಿಡಿದು, ಮಂಡಿಯೂರಿ, ಮನೆಯ ಮೂಲೆಮೂಲೆಯಲ್ಲೂ ಆ ಒಂದು ತೋಟಾ ಹುಡುಕುವುದಂತೂ ದಿನಚರಿಯೇ ಆಗಿಹೋಯಿತು.

ವಾಚಪ್ಪ ಹೊಡೆದ ಕಾಗದಗಳನ್ನು ತಂದು ಊಟದ ಮೇಜಿನ ಮೇಲೆ ಹರಡುತ್ತಿದ್ದ. ಎದುರುಗಡೆ ಡಬ್ಬಿಯ ನಂಬರ್ ದಪ್ಪ ಅಕ್ಷರದಲ್ಲಿ. ಹಿಂದುಗಡೆ ಮೂಲೆಯಲ್ಲಿ ಒಂದು ಪುಟ್ಟ ಗುರುತು, ಒಂದರಲ್ಲಿ ನಕ್ಷತ್ರ, ಒಂದರಲ್ಲಿ ಕಿರೀಟ, ಒಂದರಲ್ಲಿ ಮೂರು ಗೆರೆ. ಟೈಲರಮ್ಮ ಅದನ್ನು ನೋಡಿದಳು, ತಲೆ ಕೆಡಿಸಿಕೊಳ್ಳಲಿಲ್ಲ. ರಿಪೇರಿಗೆ ಬಂದ ಪ್ರತಿ ಗಡಿಯಾರದ ಮುಚ್ಚಳದ ಒಳಗೂ ಅವನು ಹೀಗೇ ಏನೋ ಒಂದು ಗುರುತು ಕೆತ್ತುತ್ತಿದ್ದ. ಗಡಿಯಾರದವರ ಚಟ ಅದು.

"ನೋಡು, ನಾಲ್ಕನೇ ಡಬ್ಬಿ! ಐದೂ ಗುಂಡು ಒಂದೇ ಬಟನ್ ಅಡಿ ಮುಚ್ಚಿಹೋಗುತ್ತೆ. ಎರಡನೇ ಡಬ್ಬಿ ನೋಡು, ಊರಿಗೊಂದು ಕೇರಿಗೊಂದು. ನಾಲ್ಕನೇದಕ್ಕೆ ಒಂದು ಘನತೆ ಇದೆ ಕಣೆ."

"ನಿಮ್ಮ ಕೈಯೇ ಆವತ್ತು ಚೆನ್ನಾಗಿತ್ತೇನೋ ರೀ..." ಅಂತ ಅವಳು ಮೆಲ್ಲಗೆ ರಾಗ ಎಳೆದಳು.

"ಕೈ ದಿನಾ ಅದೇ ಕೈ. ತೋಟಾ ಬೇರೆ. ನೀನು ಅಷ್ಟು ಜೋಪಾನವಾಗಿ ವಿಂಗಡಿಸಿ ಕೊಟ್ಟಿದ್ದೀಯಲ್ಲ, ತಪ್ಪು ಎಲ್ಲಿಂದ ಬರುತ್ತೆ?"

ಮೂಲೆಯಲ್ಲಿ ಅತ್ತೆಗೆ ಕೆಮ್ಮು ಬಂತು. ಟೈಲರಮ್ಮ ಎದ್ದು ಗಂಡನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದಳು.

ನಾಲ್ಕನೇ ವಾರ ಅವಳಿಗೆ ತಡೆಯಲಾಗಲಿಲ್ಲ. ಗಂಡನಿಗೆ ಹೇಳುವ ಧೈರ್ಯವಿಲ್ಲ, ಕ್ಲಬ್ಬಿನ ಕಾರ್ಯದರ್ಶಿಗಳ ಕಿವಿಗಾದರೂ ಹಾಕಿ ಏನಾದರೂ ದಾರಿ ಕೇಳೋಣ ಅಂತ, ಒಂಬತ್ತು ವರ್ಷದಲ್ಲಿ ಮೊದಲ ಸಲ ಗಂಡನ ಜೊತೆ ಇಟ್ಟಿಗೆ ಗೂಡಿನ ಹಿಂದಕ್ಕೆ ಹೋದಳು. ಕಾರ್ಯದರ್ಶಿಗಳು ನಿವೃತ್ತ ಪೋಸ್ಟ್ ಮಾಸ್ಟರು. ಅವರ ಪಕ್ಕ ನಿಂತು ಬಾಯಿ ತೆರೆದಳು. ಆಗ ಚಾಪೆಯ ಮೇಲೆ ಮಲಗಿದ್ದ ಗಂಡನ ಕಡೆ ಕಣ್ಣು ಹೋಯಿತು. ತೆರೆದ ಬಾಯಿಂದ ಬೇರೆಯೇ ಮಾತು ಬಂತು.

"ಅಯ್ಯೋ, ತೋಳು ಉದ್ದ ಆಗಿದೆಯಲ್ಲ!"

"ಯಾರ ತೋಳಮ್ಮಾ?"

"ರೈಫಲ್ಲಿಂದು! ಇದು ದಂತವೈದ್ಯರ ಅಳತೆಗೆ ಆಗಿರೋದು. ಅವರು ಆರಡಿ ಆಳು. ನಮ್ಮವರು ಬೇರೆಯವರ ಕೋಟು ಹಾಕ್ಕೊಂಡ ಹಾಗೆ ಕಾಣ್ತಾರೆ. ಭುಜ ನೋಡಿ, ಹೇಗೆ ಮೇಲೆ ಎದ್ದಿದೆ!"

ಹನ್ನೊಂದು ತಿಂಗಳು ನಳಿಗೆ, ಟ್ರಿಗರ್ ಅಂತ ಧ್ಯಾನ ಮಾಡಿದವನಿಗೆ ತನ್ನ ತೋಳು ಎಷ್ಟುದ್ದ ಅಂತ ನೋಡಿಕೊಳ್ಳುವುದು ತೋಚಿರಲಿಲ್ಲ. ಟೈಲರಮ್ಮ ಕೊರಳಲ್ಲಿದ್ದ ಟೇಪು ತೆಗೆದು (ಅದಿಲ್ಲದೆ ಅವಳು ಹೊರಗೆ ಕಾಲಿಡುವವಳಲ್ಲ), ರೈಫಲ್ ಖಾಲಿ ಮಾಡಿಸಿ, ಚಾಪೆಯ ಪಕ್ಕ ಮಂಡಿಯೂರಿ ಗಂಡನ ಭುಜದಿಂದ ಬೆರಳಿನವರೆಗೆ ಅಳೆದಳು. ರಸಾಯನಶಾಸ್ತ್ರದ ಮೇಷ್ಟ್ರು ತಮ್ಮ ಚಾಪೆಯಿಂದ ತಲೆಯೆತ್ತಿ ನೋಡಿದರು. "ಎರಡು ಬೆರಳು ಉದ್ದ," ಅಂದಳು. ಭುಜಕ್ಕೆ ಒತ್ತುವ ತುದಿಯಲ್ಲಿ ಉದ್ದ ಹೊಂದಿಸಲು ಹಾಕಿದ್ದ ಎರಡು ಹಲಗೆ ಚೂರು ಬಿಚ್ಚಿಸಿದಳು. ಕೆನ್ನೆ ಆನಿಸುವ ಕಡೆ ಕೋಟಿನ ಕಾಲರಿಗೆ ಹಾಕುವ ದಪ್ಪ ಬಟ್ಟೆಯ ಎರಡು ಪದರ ಅಂಟಿಸಿದಳು. ಆಮೇಲೆ ಹೊಡೆದ ಹತ್ತು ಗುಂಡಿನ ಕಾಗದ ನೋಡಿ ಕಾರ್ಯದರ್ಶಿಗಳು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

 ಹಿಂತಿರುಗುವಾಗ ಮನೆ ಹತ್ತಿರ ಬಂದ ಮೇಲೆ ವಾಚಪ್ಪ, "ನೀನು ಮೊದಲೇ ಬರಬೇಕಿತ್ತು ಕಣೆ," ಅಂದ. ಅಷ್ಟೇ.  ಇಷ್ಟು ಒಳ್ಳೆಯ ಮನುಷ್ಯನಿಗೆ ಸುಳ್ಳು ಚೀಟಿ ಬರೆದಿಟ್ಟೆನಲ್ಲ! ಆ ಚೀಟಿ ನಂಬಿ ಹಸಿರು ಪೆಟ್ಟಿಗೆ ಕೊಂಡು, ಅದು ಈ ನಳಿಗೆಗೆ ಹಿಡಿಸದೇ ಹೋಗಿ, ಪರೀಕ್ಷೆಯಲ್ಲಿ ಸೋತರೆ? ಮತ್ತೆ ಚಾಪೆ ಹೊರುವುದು. ಅದಕ್ಕೂ ಹೋಗದೆ ಮನೆಯಲ್ಲೇ ಕೂತರೆ?

ಶುಕ್ರವಾರ ಸಂಜೆ ಬಂತು. ವಾಚಪ್ಪ ಕಾಫಿ ಕುಡಿದು ಲೋಟ ಕೆಳಗಿಟ್ಟ.

"ಎಲ್ಲಿ, ಲಕೋಟೆ ತಗೊಂಬಾ. ನಾಲ್ಕನೇ ಡಬ್ಬಿಯ ಜಾತಕ ತೆಗೆಯೋಣ."

ಟೈಲರಮ್ಮ ಲಕೋಟೆ ತಂದಳು. ಕೊಡಲಿಲ್ಲ. ಎರಡು ತುಂಡು ಮಾಡಿದಳು, ನಾಲ್ಕು ತುಂಡು ಮಾಡಿದಳು, ಗಂಡನ ಮುಂದೆ ಕೂತು ಗೊಳೋ ಅಂತ ಅತ್ತಳು.

"ಅದರಲ್ಲಿ ಇರೋದೆಲ್ಲ ಸುಳ್ಳು ರೀ! ಎಲ್ಲಾ ಬಿದ್ದೋಯ್ತು. ಆರೂ ಕಲಸಿಹೋಯ್ತು. ನಾನೇ ಸುಮ್ನೆ ಎಣಿಸಿ ತುಂಬಿದೆ. ನಾಲ್ಕನೇ ಡಬ್ಬಿನೂ ಇಲ್ಲ, ಎರಡನೇ ಡಬ್ಬಿನೂ ಇಲ್ಲ. ನನ್ನನ್ನೇ ನಂಬಿದ್ರಿ, ಹೀಗೆ ಮಾಡ್ದೆ. ನಿಮ್ಮ ಆರು ವಾರದ ಕೆಲಸ ಎಲ್ಲಾ ಮಣ್ಣುಪಾಲಾಯ್ತು!"

ವಾಚಪ್ಪ ಎದ್ದು ಹೋಗಿ ಚೀಲದಿಂದ ಒಂದು ಪೆಟ್ಟಿಗೆ ತಂದು ಅವಳ ಮುಂದಿಟ್ಟ. ಮಾಸಲು ಹಳದಿ ರಟ್ಟಿನ ಪೆಟ್ಟಿಗೆ, ಹೊಚ್ಚ ಹೊಸದು.

"ಇದೇ ನಾಲ್ಕನೇ ಡಬ್ಬಿ. ಮೊನ್ನೆನೇ ಎರಡು ಪೆಟ್ಟಿಗೆ ತಂದೆ."

ಟೈಲರಮ್ಮನ ಅಳು ಅರ್ಧಕ್ಕೇ ನಿಂತಿತು.

"ತೋಟಾದ ಬುಡದಲ್ಲಿ ಮಾಡಿದವರ ಮುದ್ರೆ ಇರುತ್ತೆ ಕಣೆ. ಅಕ್ಕಿ ಕಾಳಿನಷ್ಟು. ಒಬ್ಬರದು ನಕ್ಷತ್ರ, ಒಬ್ಬರದು ಕಿರೀಟ. ದಿನವಿಡೀ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸ್ಕೊಂಡು ಕೂರೋನು ನಾನು. ಮೊದಲನೇ ದಿನ ಒಂದನೇ ಡಬ್ಬಿ ತೆಗೆದ್ರೆ ಒಳಗೆ ಆರು ಕಂಪನಿಯವರೂ ಸಂಸಾರ ಮಾಡ್ತಿದ್ರು! ಅಂಗಡಿಗೆ ತಗೊಂಡು ಹೋಗಿ ಮುದ್ರೆ ನೋಡಿ ಎಲ್ಲಾ ಬೇರೆ ಬೇರೆ ಮಾಡಿ ಅದೇ ಡಬ್ಬಿಗಳಿಗೆ ತುಂಬ್ಕೊಂಡೆ, ನಕ್ಷತ್ರದ್ದು ನಾಲ್ಕನೇದಕ್ಕೆ. ಕಾಗದದ ಹಿಂದೆ ಗುರುತು ಹಾಕಿದ್ದೆನಲ್ಲ, ನೋಡಲಿಲ್ವಾ? ಮನಸ್ಸು ಮೋಸ ಮಾಡೋ ಭಯ ಇತ್ತು, ಅದಕ್ಕೆ ಒಂದೊಂದನ್ನೂ ಹತ್ತು ಸಲ ಹೊಡೆದು ನೋಡಿದೆ. ನಕ್ಷತ್ರದ್ದೇ ಗೆದ್ದಿತು."

"ಮೊದಲನೇ ದಿನಾನೇ ಗೊತ್ತಿತ್ತಾ?"

"ಹ್ಞೂಂ."

"ಗೊತ್ತಿದ್ದೂ ನಾಲ್ಕನೇ ಡಬ್ಬಿಗೆ ಘನತೆ ಇದೆ ಅಂತ ನನ್ನ ಮುಂದೆ ಭಾಷಣ ಬಿಗಿದ್ರಾ?"

ವಾಚಪ್ಪ ನೆಲ ನೋಡಿದ. "ಬೈಯಬೇಡ. ಮೊದಲು ತಮಾಷೆಗೆ ಸುಮ್ನಿದ್ದೆ, ನಾಳೆ ಹೇಳ್ತಾಳೆ, ನಾಡಿದ್ದು ಹೇಳ್ತಾಳೆ ಅಂತ. ಆಮೇಲೆ ಕಾಫಿ ಬರೋದಕ್ಕೆ ಶುರುವಾಯ್ತು. ಕೂತ್ಕೊಂಡು ನನ್ನ ಮಾತು ಕೇಳ್ತಿದ್ದೆ. ಒಂಬತ್ತು ವರ್ಷದಲ್ಲಿ ಒಂದು ದಿನ ನೀನು ಆ ಕಾಗದಗಳನ್ನ ಕಣ್ಣೆತ್ತಿ ನೋಡಿದವಳಲ್ಲ. ಹೇಳಿಬಿಟ್ರೆ ಎಲ್ಲಾ ನಿಂತುಹೋಗುತ್ತೆ ಅನ್ನಿಸ್ತು. ತೋಟಾ ಆರಿಸಿದ್ದರಿಂದ ಒಂದೆರಡು ಅಂಕ ಬಂದಿರಬಹುದು. ನೀನು ಬಂದು ಎರಡು ಬೆರಳು ಕಡಿಮೆ ಮಾಡಿದೆಯಲ್ಲ, ಅದರಿಂದ ಬಂದಿದ್ದು ಎಂಟು. ಡಬ್ಬಿ ಬೀಳದೇ ಇದ್ದಿದ್ರೆ ನೀನು ಅಲ್ಲಿಗೆ ಬರ್ತಿದ್ಯಾ?"

ಟೈಲರಮ್ಮ ಹರಿದ ಲಕೋಟೆಯ ಚೂರುಗಳನ್ನು ಬಳಿದು ಚಿಂದಿ ಬುಟ್ಟಿಗೆ ಹಾಕಿದಳು. ಅಲ್ಲಿಂದ ಗಂಡನ ಜೊತೆ ಮಾತು ಬಿಟ್ಟಳು. ಶನಿವಾರ ಕಾಫಿ ಬರಲಿಲ್ಲ. ಒದ್ದೆ ಟವೆಲ್ ಮಂಚದ ಮೇಲೇ ಉಳಿಯಿತು. "ಆ ಬೀರು ಕಿತ್ತು ಹಾಕಿಸಿ ಅಂತ ನಿಮ್ಮ ಮಗನಿಗೆ ಹೇಳಿ ಅತ್ತೆ," ಅಂದಳು. "ಅಳತೆ ಕೊಟ್ಟೋಳು ನೀನೇ ಅಲ್ವೇನಮ್ಮಾ?" ಅಂದರು ಅತ್ತೆ.

ಭಾನುವಾರ ಅವನೊಬ್ಬನೇ ಹೋದ. ಅವನು ಅತ್ತ ಹೋದ ಮೇಲೆ ಟೈಲರಮ್ಮ ಒಂದೇ ತೋಳನ್ನು ಮೂರು ಸಲ ತಪ್ಪಾಗಿ ಹೊಲಿದು ಮೂರು ಸಲ ಬಿಚ್ಚಿದಳು. ಮಧ್ಯಾಹ್ನ ಬಾಗಿಲ ಸದ್ದಾಯಿತು. ವಾಚಪ್ಪ ಹೊಸ್ತಿಲಲ್ಲಿ ನಿಂತಿದ್ದ. 

"ಆರುನೂರಕ್ಕೆ ಮೇಷ್ಟ್ರದು ಐನೂರ ಎಂಬತ್ತೆರಡು."

"ನಿಮ್ಮದು?" ಮಾತು ಬಿಟ್ಟಿದ್ದೇನೆ ಅನ್ನುವುದು ಅವಳಿಗೆ ಮರೆತೇಹೋಗಿತ್ತು.

"ಐನೂರ ಎಂಬತ್ತಮೂರು."

ಟೈಲರಮ್ಮ ಮಷೀನಿನ ಮೇಲೆ ತಲೆಯಿಟ್ಟು ಅತ್ತಳು. ಈ ಸಲದ್ದು ಬೇರೆ ಅಳು. ವಾಚಪ್ಪ ಪಕ್ಕದಲ್ಲಿ ಪೆದ್ದನ ಹಾಗೆ ನಿಂತು ಅವಳ ಬೆನ್ನು ಸವರಿದ. ಆಮೇಲೆ ಅವಳು ಮೂಗು ಒರೆಸಿಕೊಂಡು, "ಹಾಳಾಗ್ಲಿ, ಎಲ್ಲಾ ಒಳ್ಳೇದೇ ಆಯ್ತು. ಆ ಒಂದು ತೋಟಾ ಸಿಕ್ಕಿಬಿಟ್ರೆ ನನ್ನ ಮನಸ್ಸಿಗೂ ಸಮಾಧಾನ," ಅನ್ನುತ್ತಾ, ಆರು ವಾರದ ಅಭ್ಯಾಸಬಲದಿಂದ ಟಾರ್ಚು ತೆಗೆದುಕೊಂಡು ಮಷೀನಿನ ಕೆಳಗೆ ಮಂಡಿಯೂರಿದಳು.

"ಏಳಮ್ಮಾ, ಮಂಡಿ ಸವೆದುಹೋಗುತ್ತೆ," ಅಂದರು ಅತ್ತೆ. ಬಟನ್ ಡಬ್ಬಿಯೊಳಗೆ ಕೈಯಾಡಿಸಿ, ಬಿಳಿ ಬಟನ್ನುಗಳ ನಡುವಿನಿಂದ ಮುನ್ನೂರನೆಯ ತೋಟಾ ಎತ್ತಿ ಹಿಡಿದರು. "ಮೊದಲನೇ ದಿನಾನೇ ಉರುಳ್ಕೊಂಡು ನನ್ನ ಕಾಲ ಹತ್ರ ಬಂದಿತ್ತು."

ಟೈಲರಮ್ಮ ಮಷೀನಿನ ಕೆಳಗಿಂದ ತಲೆ ಹೊರಗೆ ಹಾಕಿದಳು. "ಮತ್ತೆ ಇಷ್ಟು ದಿನ ಯಾಕೆ ಹೇಳಲಿಲ್ಲ ಅತ್ತೆ?"

"ನೀನು ಹುಡುಕ್ತೀನಿ ಅಂತ ದಿನಾ ಮೂಲೆಮೂಲೆ ಗುಡಿಸ್ತಿದ್ದೆಯಲ್ಲಮ್ಮಾ," ಅಂದರು ಅತ್ತೆ. "ನಾನು ಈ ಮನೆಗೆ ಬಂದು ಐವತ್ತೈದು ವರ್ಷ ಆಯ್ತು. ಮನೆ ಇಷ್ಟು ಚೊಕ್ಕಟವಾಗಿ ಇದ್ದಿದ್ದು ನಾನು ನೋಡೇ ಇರಲಿಲ್ಲ."